ಗುಡುಬಿಗೆ ಮಾತು ಬಂತು, ಇನ್ನು ನನಗೆ ತರಬೇತಿ ಕೊಡಿ

ಮೂಡಲಗಿ, ೨೨ ಏಪ್ರಿಲ್ ೧೯೩೮

ಮಾನ್ಯ ವಿದ್ಯಾಧಿಕಾರಿಗಳೇ,

ಕಿವುಡ ಮಕ್ಕಳಿಗೆ ಪಾಠ ಹೇಳುವ ವಿದ್ಯೆಯನ್ನು ಕಲಿತುಬರಲು ನನ್ನನ್ನು ಒಂದು ವರ್ಷ ಪುಣೆಗೆ ಕಳಿಸಬೇಕೆಂದು ಡಿಸೆಂಬರದಲ್ಲಿ ನಾನು ಬರೆದುಕೊಂಡ ಅರ್ಜಿಗೆ ತಮ್ಮ ಉತ್ತರ ಕಳೆದ ವಾರ ತಲುಪಿತು. ನಾಲ್ಕು ತಿಂಗಳು ಯೋಚಿಸಿ ಬರೆದ ಉತ್ತರವಾದ್ದರಿಂದ ಎರಡು ಸಲ ಓದಿದೆ. ಅರ್ಜಿ ನಾಮಂಜೂರು. ಅದಕ್ಕೆ ತಾವು ಕೊಟ್ಟ ಮೊದಲನೆಯ ಕಾರಣ, ನನ್ನ ಶಾಲೆಯ ಹಾಜರಿ ಪುಸ್ತಕದಲ್ಲಿ ಕಿವುಡ ಮಗು ಒಂದೂ ಇಲ್ಲ ಎಂಬುದು. ಎರಡನೆಯದು, ಹಿಂದೆ ಇದ್ದ ಒಬ್ಬ ಕಿವುಡ ಹುಡುಗಿಗೆ ನಾನು ಯಾವ ತರಬೇತಿಯೂ ಇಲ್ಲದೆ ಮಾತು ಕಲಿಸಿರುವುದರಿಂದ ತರಬೇತಿಯ ಅಗತ್ಯ ಕಂಡುಬರುವುದಿಲ್ಲ ಎಂಬುದು. ಆ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿಸಿದವರು ಯಾರೆಂದು ಉತ್ತರದಲ್ಲಿ ಬರೆದಿರಲಿಲ್ಲ. ಜಾಗ ಸಾಲದೆ ಬಿಟ್ಟಿರಬೇಕು.

ನಾನು ಕಲಿಸದಿದ್ದರೆ, ಕಲಿಸಲು ಬಾರದವಳಿಗೆ ತರಬೇತಿ ಏಕೆಂದು ಕೇಳುತ್ತಿದ್ದಿರಿ. ಕಲಿಸಿದ್ದಕ್ಕೆ, ಬರುವವಳಿಗೆ ತರಬೇತಿ ಏಕೆಂದು ಕೇಳಿದ್ದೀರಿ. ಹಾಗಾದರೆ ತರಬೇತಿ ಯಾರಿಗೆಂದು ಕೇಳುವ ಹಕ್ಕು ನನಗೂ ಇದೆ ಎಂದುಕೊಂಡು ಈ ಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ಅಂಚೆಯಲ್ಲಿ ಬಂದದ್ದನ್ನು ಓದಲು ತಮಗೆ ನಾಲ್ಕು ತಿಂಗಳು ಬೇಕು. ಪತ್ರಿಕೆಯನ್ನಾದರೆ ತಾವು ಚಹಾದ ಜೊತೆಗೇ ಓದುತ್ತೀರೆಂದು ಕೇಳಿದ್ದೇನೆ.

ನಾನು ಇಪ್ಪತ್ತೊಂದು ವರ್ಷದಿಂದ ಮೂಡಲಗಿಯ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ, ಪಾತ್ರೆಗಳಿಗೆ ಕಲಾಯಿ ಹಾಕುವ ಯಾಕೂಬ ಎಂಟು ವರ್ಷದ ಮಗಳ ಕೈ ಹಿಡಿದು ಬಾಗಿಲಲ್ಲಿ ಬಂದು ನಿಂತ. ಊರಿನ ಉರ್ದು ಶಾಲೆ ಗಂಡುಹುಡುಗರದು. ಆದ್ದರಿಂದ ನಮ್ಮಲ್ಲಿಗೆ ಬಂದಿದ್ದ.

“ಅಕ್ಕೋರ, ಇಕಿ ನನ್ನ ಮಗಳ್ರಿ, ಗುಡುಬಿ ಅಂತ ಹೆಸರು. ಕಿವಿ ಕೇಳೂದಿಲ್ರಿ, ಬಾಯಿ ಬರೂದಿಲ್ರಿ. ಆದ್ರ ಹುಚ್ಚಿ ಅಲ್ರಿ. ಮಂದಿ ಹುಚ್ಚಿ ಅಂತಾರ. ಒಂದ ಮೂಲ್ಯಾಗ ಕುಂಡರಸ್ಕೋರಿ, ಸಾಕು” ಎಂದ.

“ಯಾಕೂಬಣ್ಣ, ಕಿವುಡ ಮಕ್ಕಳಿಗಿ ಹ್ಯಾಂಗ ಕಲಸೂದಂತ ನನಗ ಗೊತ್ತಿಲ್ಲಪಾ” ಎಂದೆ.

ಅವನು ನಕ್ಕ. “ನಿಮಗ ಗೊತ್ತಿಲ್ಲ ಅಂದ್ರೆಲ್ಲಾ, ಅಷ್ಟ ಸಾಕ್ರಿ. ಬ್ಯಾರೆದಾವ್ರೆಲ್ಲಾ ಆಕಿಗೇ ಏನೂ ಬರೂದಿಲ್ಲಂತ ಹೇಳಿ ಕಳಸ್ಯಾರ.”

ಹಾಜರಿ ಪುಸ್ತಕ ತೆರೆದು ಹೆಸರು ಹಚ್ಚಿಕೊಂಡೆ.

ಮುಂದಿನ ಆರು ತಿಂಗಳು ನಾನು ಮಾಡಿದ ಕೆಲಸವನ್ನು ಬಹಿರಂಗವಾಗಿ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಅರ್ಜಿಯ ಸಾಕ್ಷಿಗೆ ಬೇಕಾದ್ದರಿಂದ ಹೇಳಿಬಿಡುತ್ತೇನೆ. ನಾನು ಅವಳ ಕಿವಿಯಲ್ಲಿ ಕೂಗಿದೆ. ಕಿವಿ ಕೇಳದವರೊಡನೆ ಗಟ್ಟಿಯಾಗಿ ಮಾತಾಡಬೇಕೆಂಬುದು ಎಲ್ಲರಿಗೂ ತಿಳಿದ ವಿಷಯವಲ್ಲವೇ? ‘ಅ’ ಎಂದು ಕೂಗಿದೆ, ‘ಆ’ ಎಂದು ಕೂಗಿದೆ. ಹಿತ್ತಲಲ್ಲಿ ಕಟ್ಟಿದ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ಬಾಜೂ ಓಣಿಯ ಮುದುಕಿಯೊಬ್ಬಳು ಬೆಂಕಿ ಬಿದ್ದಿತೆಂದು ಕೊಡ ಹಿಡಿದು ಬಂದಳು. ಗುಡುಬಿ ಮಾತ್ರ ನನ್ನ ಬಾಯೊಳಗಿನ ಹಲ್ಲುಗಳನ್ನು ಎಣಿಸುತ್ತ ಕುಳಿತಿದ್ದಳು. ದೀಪಾವಳಿಯ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಗಿ ನಾನೇ ಹದಿನೈದು ದಿನ ಮೂಗಿಯಾದೆ. ತರಬೇತಿ ಪಡೆದ ಶಿಕ್ಷಕಿ ಮೊದಲ ದಿನವೇ ಬಿಟ್ಟುಬಿಡುವ ತಪ್ಪನ್ನು ನಾನು ಆರು ತಿಂಗಳು ನಿಷ್ಠೆಯಿಂದ ಮಾಡಿದೆ. ಆ ಆರು ತಿಂಗಳು ನನ್ನ ಆಯುಷ್ಯದಲ್ಲಿ ಹೋದದ್ದಕ್ಕೆ ಚಿಂತೆಯಿಲ್ಲ. ಮಗುವಿನ ಆಯುಷ್ಯದಲ್ಲಿ ಹೋದವಲ್ಲ, ಅವನ್ನು ಯಾರು ತಂದುಕೊಡುತ್ತಾರೆ?

ದಾರಿ ತೋರಿಸಿದವನು ಯಾಕೂಬನೇ. ಜನವರಿಯಲ್ಲಿ ನಮ್ಮ ಮನೆಯ ಹಳೆಯ ತಾಮ್ರದ ಹಂಡೆ ಸೋರುತ್ತಿದೆಯೆಂದು ಅವನ ಹತ್ತಿರ ಒಯ್ದಿದ್ದೆ. ಅವನು ಒಡಕು ಮುಚ್ಚಿ, ಆರಿದ ಮೇಲೆ ಸುತ್ತಿಗೆಯಿಂದ ಹಂಡೆಯ ಮೈಯನ್ನು ಒಮ್ಮೆ ಬಡಿದ. ಗುಡುಬಿ ಹಂಡೆಯ ಮೇಲೆ ಅಂಗೈ ಊರಿ ಕುಳಿತಿದ್ದಳು. ತಲೆ ಅಲ್ಲಾಡಿಸಿದಳು. ಅವನು ಮತ್ತೆ ಬೆಂಕಿಗೆ ಹಿಡಿದ.

“ಯಾಕೂಬಣ್ಣ, ಅದೇನ ಹೇಳಿದ್ಳಾಕಿ?”

“ಇನ್ನೂ ಸೀಳ ಐತಿ ಅಂದ್ಳರಿ. ಹಂಡೆ ಚಂದಂಗ ಕೂಡಿದ್ರ ಬಡದಾಗ ಭಾಳ ಹೊತ್ತ ಜುಂ ಅಂತೈತಿ. ಸೀಳಿದ್ರ ತಟ್ನ ನಿಲ್ಲತೈತಿ. ನನಗ ಕಿವ್ಯಾಗ ತಿಳೀತೈತಿ, ಆಕಿಗಿ ಅಂಗೈಯಾಗ ತಿಳೀತೈತ್ರಿ. ಖರೆ ಹೇಳಬೇಕಂದ್ರ ನನಕಿಂತ ಆಕೀದ ಚೊಲೊ.”

ನಾನು ಅಲ್ಲೇ ಕಲಾಯಿಯ ಬೂದಿಯಲ್ಲಿ ಕುಕ್ಕರಿಸಿಬಿಟ್ಟೆ. ಒಂದು ತಂಬಿಗೆ ತೆಗೆದುಕೊಂಡು, ಅದರ ಸುತ್ತ ಗುಡುಬಿಯ ಎರಡೂ ಕೈ ಇಡಿಸಿ, ಅದರ ಬಾಯಿಗೆ ನನ್ನ ಬಾಯಿ ಹಚ್ಚಿ ‘ಆ’ ಎಂದೆ. ಅವಳ ಕಣ್ಣು ಅರಳಿದವು. ನಾನು ನಿಲ್ಲಿಸಿದೆ, ಅವಳು ತಂಬಿಗೆಯನ್ನು ನನ್ನ ಬಾಯಿಗೆ ದೂಡಿದಳು. ಮತ್ತೆ ಅಂದೆ. ಅಂದು ಸಂಜೆಯವರೆಗೆ ತಂಬಿಗೆಯಲ್ಲಿ ‘ಆ’ ಎನ್ನುತ್ತ ಕುಳಿತ ಅಕ್ಕೋರನ್ನು ನೋಡಲು ಅರ್ಧ ಪೇಟೆ ಕೂಡಿತ್ತು. ಹೊತ್ತು ಮುಳುಗುವ ಮೊದಲು ಗುಡುಬಿ ತಂಬಿಗೆ ಬಿಟ್ಟು ತನ್ನ ಗಂಟಲಿನ ಮೇಲೆ ಕೈಯಿಟ್ಟುಕೊಂಡಳು. ಅವಳ ಎದೆಯಿಂದ ಒಂದು ದಪ್ಪ ದನಿ ಹೊರಗೆ ಬಂತು. ಯಾಕೂಬನ ಕೈಯಿಂದ ಇಕ್ಕಳ ಬಿದ್ದಿತು.

ಇಲ್ಲಿಂದ ಮುಂದೆ ಎಲ್ಲವೂ ಸುಗಮವೆಂದು ತಾವು ತಿಳಿದರೆ, ತಮ್ಮ ತುಟಿಗಳನ್ನು ತಾವು ಕನ್ನಡಿಯಲ್ಲಿ ನೋಡಿಕೊಂಡಿಲ್ಲವೆಂದು ಅರ್ಥ. ಮಾರ್ಚ್ ತಿಂಗಳಲ್ಲಿ ಅವಳಿಗೆ ಅವಳ ಮನೆಯ ಮಾತಿನಲ್ಲೇ ತಂದೆತಾಯಿಯನ್ನು ಕರೆಯಲು ಕಲಿಸಬೇಕೆಂದು ಆಸೆಯಾಯಿತು. ತಂದೆಗೆ ‘ಅಬ್ಬಾ’, ತಾಯಿಗೆ ‘ಅಮ್ಮಾ’. ಕಲಿಸಿ ಮನೆಗೆ ಕಳಿಸಿದೆ. ಅರ್ಧ ತಾಸಿನಲ್ಲಿ ಯಾಕೂಬ ಮಸಿ ಮೆತ್ತಿದ ಕೈಯಲ್ಲೇ ಓಡಿಬಂದ.

“ಅಕ್ಕೋರ! ನನ್ನ ಮಗಳು ನನ್ನ ಕರದ್ಳರಿ! ‘ಅಮ್ಮಾ’ ಅಂದ್ಳರಿ!”

ಅವನ ಹಿಂದೆಯೇ ಅವನ ಹೆಂಡತಿ ಮದಿನಾಬಿ ಸೆರಗು ಸರಿಪಡಿಸಿಕೊಳ್ಳುತ್ತ ಬಂದಳು. ಅವಳ ಕಣ್ಣಲ್ಲಿ ನೀರೂ ಇತ್ತು, ಸಿಟ್ಟೂ ಇತ್ತು. “ಒಂಬತ್ತ ತಿಂಗಳ ಹೊತ್ತಾಕಿ ನಾನ್ರಿ ಅಕ್ಕೋರ! ಅಮ್ಮಾ ಅನಿಸಿಕೊಂಡಾಂವ ಇಂವಾ! ನನಗ ‘ಅಬ್ಬಾ’ ಅಂದ್ಳ ನೋಡ್ರಿ!”

ಮಾನ್ಯರೇ, ದಯವಿಟ್ಟು ಈ ಎರಡು ಶಬ್ದಗಳನ್ನು ದನಿಯಿಲ್ಲದೆ ಬರಿಯ ತುಟಿಯಿಂದ ಅಂದು ನೋಡಿ. ಕಚೇರಿಯ ಕಾರಕೂನರು ಏನಾದರೂ ತಿಳಿದುಕೊಳ್ಳಲಿ. ಎರಡರಲ್ಲಿ ಕೂದಲೆಳೆಯಷ್ಟೂ ಭೇದ ಕಾಣುವುದಿಲ್ಲ. ಮಾತು ಕೇಳದ ಮಗುವಿಗೆ ಅಬ್ಬಾನೂ ಅಮ್ಮನೂ ಒಂದೇ. ಇದು ನನಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು. ‘ಮ’ ಎನ್ನುವಾಗ ಮೂಗು ನಡುಗುತ್ತದೆ, ‘ಬ’ ಎನ್ನುವಾಗ ನಡುಗುವುದಿಲ್ಲ ಎಂದು ಕಂಡುಹಿಡಿಯಲು ಮತ್ತೊಂದು ತಿಂಗಳು. ಅವಳ ಬೆರಳನ್ನು ನನ್ನ ಮೂಗಿನ ಮೇಲಿಟ್ಟು ಅದನ್ನು ತಿಳಿಸಿಕೊಡಲು ಮೂರನೆಯ ತಿಂಗಳು. ಆ ಮೂರು ತಿಂಗಳು ಯಾಕೂಬನ ಮನೆಯಲ್ಲಿ ಗಂಡ ಅಮ್ಮನಾಗಿ, ಹೆಂಡತಿ ಅಬ್ಬಾ ಆಗಿ ಸಂಸಾರ ಮಾಡಿದರು. ಅವರು ನಕ್ಕುಕೊಂಡೇ ಮಾಡಿದರು. ಆದರೆ ಪುಣೆಯ ಶಾಲೆಯಲ್ಲಿ ಹೊಸ ಶಿಕ್ಷಕರಿಗೆ ಇದನ್ನು ಮೊದಲ ವಾರದಲ್ಲೇ ಹೇಳಿಕೊಡುತ್ತಾರಂತೆ.

ಪುಣೆಯ ಸುದ್ದಿ ನನಗೆ ತಿಳಿದದ್ದು ‘ಗ’ ಅಕ್ಷರದ ದೆಸೆಯಿಂದ. ಅದು ತುಟಿಯಲ್ಲಿ ಹುಟ್ಟುವುದಿಲ್ಲ, ಹಲ್ಲಿನಲ್ಲೂ ಹುಟ್ಟುವುದಿಲ್ಲ. ನಾಲಿಗೆಯ ಬುಡದಲ್ಲಿ ಅಡಗಿ ಕುಳಿತಿರುತ್ತದೆ. ಕಿವುಡ ಮಗುವಿಗೆ ಅದನ್ನು ತೋರಿಸುವ ಬಗೆಯೇ ನನಗೆ ತಿಳಿಯಲಿಲ್ಲ. ಹುಡುಗಿಯ ಹೆಸರೇ ಗುಡುಬಿ. ತನ್ನ ಹೆಸರನ್ನು ತಾನು ‘ದುಡುಬಿ’ ಎನ್ನುತ್ತಿದ್ದಳು. ನಾನು ಅವಳ ಬಾಯಲ್ಲಿ ಬೆರಳು ಹಾಕಿ ನಾಲಿಗೆಯನ್ನು ಹಿಂದಕ್ಕೆ ಎಳೆಯಲು ಹೋಗಿ ಕಚ್ಚಿಸಿಕೊಂಡೆ. ಅವಳು ಅತ್ತಳು, ನಾನೂ ಅತ್ತೆ. ಕೊನೆಗೆ ಪುಣೆಯ ಕಡೆ ಇಂಥ ಮಕ್ಕಳ ಶಾಲೆಯೊಂದಿದೆಯೆಂದು ಗೋಕಾಕದ ವಕೀಲರೊಬ್ಬರಿಂದ ಕೇಳಿ, ನನಗೆ ಬರುವ ಮರಾಠಿಯಲ್ಲಿ ಒಂದು ಕಾಗದ ಬರೆದೆ. ಅಲ್ಲಿಯ ಮುಖ್ಯ ಶಿಕ್ಷಕಿ ಎಂಟೇ ದಿನದಲ್ಲಿ ಉತ್ತರ ಬರೆದರು. (ಎಂಟು ದಿನದಲ್ಲಿಯೂ ಉತ್ತರ ಬರೆಯಬಹುದೆಂಬುದು ತಮ್ಮ ಮಾಹಿತಿಗಾಗಿ.) ಬರೆದದ್ದು ನಾಲ್ಕೇ ಸಾಲು. ‘ನಾಲಿಗೆಯನ್ನು ಎಳೆಯಬೇಡಿ. ಮಗು “ದ” ಎನ್ನುತ್ತಿರುವಾಗ ನಾಲಿಗೆಯ ತುದಿಯನ್ನು ಶುಭ್ರವಾದ ಚಮಚದ ಹಿಡಿಕೆಯಿಂದ ಮೆಲ್ಲಗೆ ಕೆಳಗೆ ಒತ್ತಿ ಹಿಡಿಯಿರಿ. ತುದಿ ಏಳಲಾರದೆ ಬುಡ ತಾನೇ ಏಳುತ್ತದೆ. ಆಗ ಬರುವುದೇ “ಗ”.’

ಕಾಗದ ಮಧ್ಯಾಹ್ನ ಬಂತು. ಶಾಲೆ ಬಿಡುವ ಗಂಟೆಯೊಳಗೆ ಗುಡುಬಿ ಗುಡುಬಿಯಾದಳು. ಓಣಿಯ ತುಂಬ ತನ್ನ ಎದೆ ಮುಟ್ಟಿ ತೋರಿಸಿ, ಕಂಡವರಿಗೆಲ್ಲ ತನ್ನ ಹೆಸರು ಹೇಳಿಕೊಂಡು ಮನೆಗೆ ಹೋದಳು. ಕಟ್ಟಿಹಾಕಿದ ಎತ್ತಿಗೂ ಹೇಳಿದಳಂತೆ. ನಾಲ್ಕು ಸಾಲಿಗೆ ಒಂದು ಹೆಸರು ಬಂದಿತು. ಒಂದು ವರ್ಷದ ಪಾಠಕ್ಕೆ ಏನೇನು ಬಂದೀತು, ತಾವೇ ಅಂದಾಜು ಮಾಡಿರಿ.

ಇನ್ನು ತಮ್ಮ ಭೇಟಿಯ ವಿಷಯ. ಕಳೆದ ನವೆಂಬರದಲ್ಲಿ ತಾವು ತಪಾಸಣೆಗೆ ದಯಮಾಡಿಸಿದಿರಿ. ಕಿವುಡ ಹುಡುಗಿ ಮಾತಾಡುತ್ತಾಳೆಂಬ ಸುದ್ದಿ ಕೇಳಿ ಅವಳನ್ನು ಮುಂದೆ ಕರೆದು, “ನಿನ್ನ ಹೆಸರೇನು?” ಎಂದು ಕೇಳಿದಿರಿ. ಗುಡುಬಿ ತಮ್ಮ ಮುಖವನ್ನೇ ನೋಡಿದಳು. ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ತನ್ನ ದಪ್ಪ ದನಿಯಲ್ಲಿ ಇಡೀ ಶಾಲೆಗೆ ಕೇಳುವಂತೆ, “ಬಾಯಿ ಎಲ್ಲಿ?” ಎಂದಳು.

ತಮ್ಮೊಂದಿಗೆ ಬಂದಿದ್ದ ಕಾರಕೂನರು ಮೇಲಿನ ಜಂತಿಗಳನ್ನು ಎಣಿಸತೊಡಗಿದರು. “ಏನಂತಾಳ?” ಎಂದು ತಾವು ನನ್ನನ್ನು ಕೇಳಿದಿರಿ.

“ಸಾಹೇಬ್ರ, ಆಕಿ ತುಟಿ ನೋಡಿ ಮಾತ ತಿಳ್ಕೋತಾಳ್ರಿ. ತಮ್ಮ ಮೀಸ್ಯಾಗ ತುಟಿ ಕಾಣವಲ್ದಂತ್ರಿ” ಎಂದೆ. ಇಪ್ಪತ್ತೊಂದು ವರ್ಷದ ನೌಕರಿ ಮುಗಿಯಿತೆಂದೇ ತಿಳಿದೆ.

ಆಗ ತಾವು ಮಾಡಿದ್ದನ್ನು ಇಲ್ಲಿ ಬರೆಯದಿದ್ದರೆ ನಾನು ಅನ್ಯಾಯ ಮಾಡಿದಂತೆ. ತಾವು ಸಿಟ್ಟಾಗಲಿಲ್ಲ. ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದು, ಕೆಳಗೆ ಬಗ್ಗಿ, ಮತ್ತೊಮ್ಮೆ ಕೇಳಿದಿರಿ. “ಗುಡುಬಿ” ಎಂದಳು. “ಅಪ್ಪ ಏನು ಕೆಲಸ ಮಾಡತಾನ?” ಎಂದಿರಿ. “ಕಲಾಯಿ” ಎಂದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ತಮ್ಮ ಕಣ್ಣುಗಳೂ ಅರಳಿದವು, ನಾನು ನೋಡಿದ್ದೇನೆ. ಆ ಹೊತ್ತಿಗೆ ನಮ್ಮ ಶಾಲೆಗೆ ಬಂದಿದ್ದ ಮನುಷ್ಯ ಬಹಳ ಒಳ್ಳೆಯವನು. ಆಮೇಲೆ ಕುರ್ಚಿಯಲ್ಲಿ ಕುಳಿತು ಭೇಟಿ ಪುಸ್ತಕ ತೆರೆದವನು ಯಾರೋ ನನಗೆ ತಿಳಿಯದು. ಅವನು ಬರೆದದ್ದು ಹೀಗಿದೆ: ‘ಬಾಲಿಕೆಯು ಮಾತನಾಡುವುದರಿಂದ ಮೂಕಳೆನ್ನಲಾಗದು. ಕಿವಿ ಕೇಳದ್ದರಿಂದ ಸಾಮಾನ್ಯ ಶಾಲೆಗೆ ಅರ್ಹಳಲ್ಲ. ಹಾಜರಿಯಿಂದ ಹೆಸರು ಕಡಿಮೆ ಮಾಡುವುದು.’

ಪುಣೆಯ ತರಬೇತಿಯ ಮಾತನ್ನು ನಾನು ಅಂದೇ ತಮ್ಮ ಮುಂದೆ ಎತ್ತಿದ್ದೆ. ತಾವು ನಗುತ್ತ ಹೇಳಿದಿರಿ, “ಇದಕ್ಕ ತರಬೇತಿ ಯಾಕ ಬೇಕ್ರಿ ಅಕ್ಕೋರ? ಹೆಣ್ಣುಮಕ್ಕಳಿಗೆ ತಾಯಿ ಕರುಳು ಇರತದ. ಅಷ್ಟಿದ್ರ ಸಾಕು.”

ಆ ಮಾತಿನ ಉತ್ತರವನ್ನು ಇಂದು ಹೇಳುತ್ತೇನೆ. ತಾಯಿಯ ಕರುಳು ಮದಿನಾಬಿಗೆ ಎಂಟು ವರ್ಷದಿಂದ ಇತ್ತು. ನನ್ನ ಕರುಳಿಗಿಂತ ಅದು ದೊಡ್ಡದು. ಆ ಎಂಟು ವರ್ಷದಲ್ಲಿ ಗುಡುಬಿಯ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ತಂಬಿಗೆಗೆ ತವರ ಹಚ್ಚುವ ಕೆಲಸವನ್ನು ಯಾಕೂಬ ತನ್ನ ಕಾಕಾನ ಹತ್ತಿರ ನಾಲ್ಕು ವರ್ಷ ತಿದಿ ಊದಿ ಕಲಿತ. ಸರಕಾರದ ಕುದುರೆಗಳಿಗೆ ಔಷಧ ಕೊಡುವವರಿಗೆ ತರಬೇತಿಯಿದೆ, ತಗಡಿನ ಡಬ್ಬಿಯಲ್ಲಿ ಸಿಡುಬಿನ ಲಸಿಕೆ ಹೊತ್ತು ತಿರುಗುವವರಿಗೆ ತರಬೇತಿಯಿದೆ. ತಾಮ್ರಕ್ಕೆ, ಕುದುರೆಗೆ, ಲಸಿಕೆಗೆ ಕರುಳು ಸಾಲದು, ಕೈಗೆ ವಿದ್ಯೆಯೂ ಬೇಕು. ಮಗುವಿಗೆ ಮಾತ್ರ ಬರಿಯ ಕರುಳು ಸಾಕೇ?

ತಮ್ಮ ಅಪ್ಪಣೆಯಂತೆ ಗುಡುಬಿಯ ಹೆಸರು ಕಡಿಮೆ ಮಾಡಿದೆ. ಹುಡುಗಿಯನ್ನು ಕಡಿಮೆ ಮಾಡಲಿಲ್ಲ. ಅವಳು ಶಾಲೆಯ ಹೊರಗಿನ ಪಡಸಾಲೆಯ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾಳೆ. ಕಟ್ಟೆಗೆ ಹಾಜರಿ ಪುಸ್ತಕವಿಲ್ಲ. ಯಾಕೂಬ ಕಲಾಯಿಗೆಂದು ಊರೂರು ತಿರುಗುವವನು, ಹೋದಲ್ಲೆಲ್ಲ ಮಗಳ ಸುದ್ದಿ ಹೇಳುತ್ತಾನೆ. ಹೀಗಾಗಿ ಗೋಕಾಕದಿಂದ ಇಬ್ಬರು ಕಿವುಡ ಅಕ್ಕತಂಗಿಯರು ಬಂದು, ಇಲ್ಲಿಯ ನೆಂಟರ ಮನೆಯಲ್ಲಿದ್ದುಕೊಂಡು ಕಲಿಯುತ್ತಿದ್ದಾರೆ. ಸುತ್ತಲಿನ ಹಳ್ಳಿಗಳಿಂದ ಮತ್ತೆ ಮೂವರು ಬಂದಿದ್ದಾರೆ. ಕಟ್ಟೆಯ ಮೇಲೆ ಈಗ ಆರು ಮಂದಿ. ಗುಡುಬಿ ಅವರಿಗೆ ಉಪಾಧ್ಯಾಯಿನಿ. ಹೊಸದಾಗಿ ಬಂದವರ ಬೆರಳು ಹಿಡಿದು ತನ್ನ ಮೂಗಿನ ಮೇಲೆ ಇಟ್ಟುಕೊಳ್ಳುತ್ತಾಳೆ. ಬೇಡವೆಂದವರಿಗೆ ಒಂದು ಏಟೂ ಕೊಡುತ್ತಾಳೆ. ಅವಳಿಗೂ ತರಬೇತಿಯಾಗಿಲ್ಲ, ಕ್ಷಮಿಸಬೇಕು.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆನೇನೋ. ಫೆಬ್ರವರಿಯಲ್ಲಿ ಹುಕ್ಕೇರಿಯಿಂದ ಉದ್ದವ್ವ ಎಂಬ ತಾಯಿ ಎರಡು ದಿನ ಚಕ್ಕಡಿಯಲ್ಲಿ ಕುಳಿತು, ಏಳು ವರ್ಷದ ಮಗ ರಾಜಪ್ಪನನ್ನು ಕರೆದುಕೊಂಡು ಬಂದಳು.

“ಕಿವಿ ಚೊಲೊ ಅದಾವ್ರಿ ಇಂವಂದು. ದೂರ ನಾಯಿ ಬೊಗಳಿದ್ರ ಕಿವಿ ಮುಚ್ಕೋತಾನ. ಆದ್ರ ಮಾತಾಡಂಗಿಲ್ಲ. ನನ್ನ ಮಾರಿ ನೋಡಂಗಿಲ್ರಿ ಅಕ್ಕೋರ. ಹಡದಾಕಿ ನಾ, ಒಮ್ಮೆ ನನ್ನ ಮಾರಿ ನೋಡಲಿ ಅಂತ ಎದಿರಿಗಿ ಕುಂಡರತೇನಿ. ಗೋಡೆ ನೋಡಿದಂಗ ನೋಡ್ತಾನ” ಎಂದಳು.

ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ. ಅವನ ಕೈ ಹಿಡಿದು ನನ್ನ ಗಂಟಲಿಗೆ ಹಚ್ಚಿದೆ. ಮುಟ್ಟಿದ್ದೇ ತಡ, ಕೆಂಡ ತಗಲಿದವನಂತೆ ಚೀರಿ, ಓಡಿಹೋಗಿ ಚಕ್ಕಡಿಯ ಗಾಲಿಗೆ ಕೆನ್ನೆ ಹಚ್ಚಿ ನಿಂತ. ಮಧ್ಯಾಹ್ನದವರೆಗೆ ಅಲ್ಲಿಂದ ಅಲುಗಲಿಲ್ಲ. ನಾನು ಏನು ಮಾಡಿದರೆ ಅವನಿಗೆ ಹಿತ, ಏನು ಮಾಡಿದರೆ ನೋವು, ಒಂದೂ ತಿಳಿಯಲಿಲ್ಲ. ಮತ್ತೆ ಮುಟ್ಟಲು ಧೈರ್ಯವಾಗಲಿಲ್ಲ.

“ಉದ್ದವ್ವ, ನನಗ ತಿಳೀವಲ್ದವಾ” ಎಂದೆ.

ಅವಳು ಅಳಲಿಲ್ಲ. ಸೆರಗಿನ ತುದಿಯಿಂದ ಮಗನ ಕೆನ್ನೆಗೆ ಹತ್ತಿದ ಕೀಲೆಣ್ಣೆ ಒರೆಸಿ, “ಯಾರಿಗಿ ತಿಳೀತೈತಿ ಅವರ ಹೆಸರ ಹೇಳ್ರಿ. ಅವರ ಊರಿಗಿ ನಡಕೋತ ಹೋಗ್ತೇನಿ” ಎಂದಳು.

ಮಾನ್ಯರೇ, ನನಗೆ ಒಂದು ಹೆಸರೂ ಗೊತ್ತಿರಲಿಲ್ಲ. ಗೋಕಾಕ, ಹುಕ್ಕೇರಿ, ಬೆಳಗಾವಿ, ಧಾರವಾಡ, ಎಲ್ಲಿಯೂ ಇಂಥ ಮಕ್ಕಳನ್ನು ಬಲ್ಲ ಒಬ್ಬ ಮನುಷ್ಯನ ಹೆಸರನ್ನು ನಾನು ಕೇಳಿಲ್ಲ. ತಾವು ಕೇಳಿದ್ದರೆ ತಿಳಿಸಿರಿ. ಆ ತಾಯಿ ನಡೆಯಲು ಸಿದ್ಧಳಿದ್ದಾಳೆ. ಅಂದು ಚಕ್ಕಡಿ ಹೊರಟ ಮೇಲೆ ನನಗೆ ಊಟ ಸೇರಲಿಲ್ಲ. ನಾನು ಡಿಸೆಂಬರದಲ್ಲಿ ಬರೆದ ಅರ್ಜಿಯ ಅರ್ಥ ನನಗೇ ಸರಿಯಾಗಿ ತಿಳಿದದ್ದು ಆವಾಗ.

ಈಗ ಸಂತೋಷದ ಸುದ್ದಿ ಹೇಳುತ್ತೇನೆ. ಪುಣೆಯ ಆ ಮುಖ್ಯ ಶಿಕ್ಷಕಿಯವರಿಗೆ ಎಲ್ಲವನ್ನೂ ಬರೆದಿದ್ದೆ. ಅವರ ಉತ್ತರ ತಮ್ಮ ಉತ್ತರದ ಮರುದಿನವೇ ಬಂತು. ಬೇಸಿಗೆಯ ಆರು ವಾರ ನಾನು ಅವರ ಶಾಲೆಯಲ್ಲಿ ಬಂದಿರಬೇಕಂತೆ, ಹುಡುಗಿಯನ್ನೂ ಕರೆತರಬೇಕಂತೆ. ರಾಜಪ್ಪನಂಥ ಮಕ್ಕಳ ವಿಷಯ ಅವರಿಗೂ ಪೂರ್ತಿ ತಿಳಿಯದೆಂದೂ, ಆದರೆ ಮುಂಬಯಿಯಲ್ಲಿ ಅಂಥವರನ್ನು ನೋಡುವ ವೈದ್ಯರೊಬ್ಬರಿಗೆ ಬರೆದು ಕೇಳಿರುವುದಾಗಿಯೂ ತಿಳಿಸಿದ್ದಾರೆ. ಆ ವೈದ್ಯರ ಹೆಸರನ್ನು ನಾನು ಅಂದೇ ಉದ್ದವ್ವನಿಗೆ ಕಾಗದ ಬರೆದು ತಿಳಿಸಿದೆ. ರಜೆಯ ದಿನಗಳಲ್ಲಿ ನಾನು ಎಲ್ಲಿಗೆ ಹೋಗಬೇಕೆಂದು ತಮ್ಮ ನಿಯಮಗಳು ಹೇಳುವುದಿಲ್ಲ, ಹುಡುಕಿ ನೋಡಿದ್ದೇನೆ. ಬರುವ ಬುಧವಾರ ಗೋಕಾಕ ರೋಡ ಸ್ಟೇಶನ್ನಿನಿಂದ ನಾನು, ಗುಡುಬಿ, ಮದಿನಾಬಿ ಮೂವರೂ ಹೊರಡುತ್ತೇವೆ. ಮದಿನಾಬಿ ಈವರೆಗೆ ರೈಲು ಹತ್ತಿಲ್ಲ. ದಾರಿಗೆಂದು ಮೂರು ದಿನದಿಂದ ರೊಟ್ಟಿ ಬಡಿಯುತ್ತಿದ್ದಾಳೆ. ರೈಲಿನ ಇಡೀ ಡಬ್ಬಿಯ ಜನಕ್ಕೆ ಸಾಲುವಷ್ಟಾಗಿವೆ.

ಆದರೆ ಆರು ವಾರ ಎಷ್ಟರದು? ಪೂರ್ತಿ ಪಾಠ ಒಂದು ವರ್ಷದ್ದು. ಆ ಒಂದು ವರ್ಷವನ್ನು ನನಗೆ ಕೊಡಬೇಕು. ನನಗೆ ವಯಸ್ಸಾಯಿತೆನಿಸಿದರೆ ನನಗಿಂತ ಚುರುಕಾದ ಇಬ್ಬರು ಎಳೆಯ ಶಿಕ್ಷಕಿಯರನ್ನು ಕಳಿಸಬೇಕು, ನಾನು ಕಟ್ಟೆಯನ್ನು ನೋಡಿಕೊಂಡಿರುತ್ತೇನೆ. ಧಾರವಾಡದ ಟ್ರೇನಿಂಗ ಕಾಲೇಜಿನಲ್ಲಿ ಪ್ರತಿ ವರ್ಷ ಇಂಥ ಮಕ್ಕಳಿಗೆ ಕಲಿಸಬಲ್ಲ ನಾಲ್ವರನ್ನಾದರೂ ತಯಾರು ಮಾಡುವ ತರಗತಿಯೊಂದನ್ನು ತೆರೆಯಬೇಕು. ಗುಡುಬಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಮತ್ತೆ ಬರೆಯಬೇಕು. ಅದನ್ನು ಬರೆಯಲು ತಮ್ಮ ಕಾರಕೂನರಿಗೆ ತೊಂದರೆ ಬೇಡ. ಅವಳೇ ಬರೆಯುತ್ತಾಳೆ, ಅಕ್ಷರ ದುಂಡಗಿವೆ.

ಮಂಜೂರಿಯ ಕಾಗದವನ್ನು ಪುಣೆಗೆ ಕಳಿಸಿದರೆ ಅಲ್ಲಿಯೇ ಉಳಿದುಕೊಳ್ಳುತ್ತೇನೆ. ಕಳಿಸದಿದ್ದರೆ ಜೂನ್ ಹದಿಮೂರಕ್ಕೆ ಮರಳಿ ಬಂದು, ಶಾಲೆಯ ಬಾಗಿಲು ತೆಗೆದು, ಕಲಿತಷ್ಟನ್ನು ಕಲಿಸಿ, ಉಳಿದದ್ದಕ್ಕಾಗಿ ಅದೇ ಸಂಜೆ ತಮಗೆ ಮುಂದಿನ ಅರ್ಜಿ ಬರೆಯಲು ಕುಳಿತುಕೊಳ್ಳುತ್ತೇನೆ.

ಇಂತಿ,
ಇಪ್ಪತ್ತೊಂದು ವರ್ಷ ಕಲಿಸಿದ ಮೇಲೆ, ಈಗ ಪಾಟಿಚೀಲ ಹಿಡಿದು ಕಲಿಯಲು ಹೊರಟವಳು,
ಅಲ್ಲವ್ವ ಸೋಮಪ್ಪ ಹುಣಶ್ಯಾಳ
ಹೆಣ್ಣುಮಕ್ಕಳ ಕನ್ನಡ ಶಾಲೆ, ಮೂಡಲಗಿ